ಹೀಟರ್ ಕೆಟ್ಟರೂ ಮೀನುಗಳು ಉಳಿಯುವಂತೆ ಅಕ್ವೇರಿಯಂ ಅನ್ನು ಸಜ್ಜುಗೊಳಿಸುವುದು ಹೇಗೆ?

ಡಿಸ್ಕಸ್‌ಪ್ರಿಯ, ಬೆಂಗಳೂರು:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ 200 ಲೀಟರಿನ ತೊಟ್ಟಿಯಲ್ಲಿ ಆರು ಡಿಸ್ಕಸ್ ಮೀನುಗಳಿದ್ದವು. ಜನವರಿಯ ಒಂದು ರಾತ್ರಿ ಅದರ 300 ವ್ಯಾಟ್ ಹೀಟರ್, ನಿಗದಿಪಡಿಸಿದ ಉಷ್ಣಾಂಶ ತಲುಪಿದ ಮೇಲೂ ನಿಲ್ಲದೆ ಕಾಯಿಸುತ್ತಲೇ ಹೋಯಿತು. ರಾತ್ರಿ ಎಂಟಕ್ಕೆ 28 ಡಿಗ್ರಿ ಇದ್ದ ನೀರು ಬೆಳಿಗ್ಗೆ ಏಳಕ್ಕೆ 35 ಡಿಗ್ರಿಗೆ ಏರಿತ್ತು. ನಾಲ್ಕು ಮೀನುಗಳು ಸತ್ತಿದ್ದವು, ಉಳಿದೆರಡು ಮೇಲಕ್ಕೆ ಬಂದು ಬಾಯಿ ತೆರೆದು ಏದುಸಿರು ಬಿಡುತ್ತಿದ್ದವು.

ಹೀಟರ್ ಅಗ್ಗದ ಮಾಲೇನೂ ಆಗಿರಲಿಲ್ಲ. ಅಂಗಡಿಯವರು ಇನ್ನೂ ಹೆಚ್ಚು ಬೆಲೆಯದನ್ನು ಕೊಳ್ಳಿ ಎನ್ನುತ್ತಾರೆ, ಆದರೆ ಅದೂ ಒಂದು ದಿನ ಕೆಡುವುದೇ ಅಲ್ಲವೇ? ಕೆಟ್ಟಾಗಲೂ ಮೀನುಗಳು ಉಳಿಯುವಂತಹ ವ್ಯವಸ್ಥೆ ಇದೆಯೇ ಎಂಬುದು ನನ್ನ ಪ್ರಶ್ನೆ. ಚಳಿಯ ರಾತ್ರಿಗಳಲ್ಲಿ ನಮ್ಮ ಕೋಣೆ ಸುಮಾರು 20 ಡಿಗ್ರಿ ಇರುತ್ತದೆ. ಹೀಟರ್ ಸರಿಯಾಗಿದ್ದಾಗ ಅಂತಹ ರಾತ್ರಿಯಲ್ಲಿ ಅದರ ದೀಪ ಗಂಟೆಗೆ ಇಪ್ಪತ್ತು ನಿಮಿಷದಷ್ಟು ಹೊತ್ತು ಉರಿಯುತ್ತಿತ್ತು.

ಹಳೇತೊಟ್ಟಿ, ಮೈಸೂರು:

ದೀಪ ಎಷ್ಟು ಹೊತ್ತು ಉರಿಯುತ್ತಿತ್ತು ಎಂಬುದನ್ನು ತಾವು ಗಮನಿಸಿರುವುದು ಬಹಳ ಉಪಯುಕ್ತ, ಏಕೆಂದರೆ ಉತ್ತರದ ಬಹುಭಾಗ ಅದರಲ್ಲೇ ಇದೆ.

ಸಾಧಾರಣ ಹೀಟರಿನೊಳಗೆ ಎರಡು ಲೋಹಗಳನ್ನು ಬೆಸೆದ ಪಟ್ಟಿಯೊಂದು ಇರುತ್ತದೆ, ಅದರ ಥರ್ಮೋಸ್ಟಾಟ್ ಎಂದರೆ ಇದೇ. ನೀರು ಬಿಸಿಯಾದಂತೆ ಅದು ಬಾಗಿ ವಿದ್ಯುತ್ ಸಂಪರ್ಕವನ್ನು ಬಿಡಿಸುತ್ತದೆ, ತಣ್ಣಗಾದಾಗ ಮತ್ತೆ ಕೂಡಿಸುತ್ತದೆ. ಪ್ರತಿ ಸಲ ಬಿಡುವಾಗಲೂ ಕೂಡುವಾಗಲೂ ಸಣ್ಣ ಕಿಡಿ ಹಾರಿ ಸಂಪರ್ಕದ ತುದಿಗಳು ಸವೆಯುತ್ತವೆ, ಕೊನೆಗೊಮ್ಮೆ ಅವು ಒಂದಕ್ಕೊಂದು ಅಂಟಿಕೊಂಡುಬಿಡುತ್ತವೆ. ನಿಮ್ಮಲ್ಲಿ ಆಗಿರುವುದು ಬಹುಶಃ ಇದೇ. ಬೆಲೆ ಹೆಚ್ಚಿದ ಮಾತ್ರಕ್ಕೆ ಈ ಸವೆತ ತಪ್ಪುವುದಿಲ್ಲ.

ಈಗ ಲೆಕ್ಕ ನೋಡೋಣ. 300 ವ್ಯಾಟ್ ಹೀಟರ್ ಗಂಟೆಯ ಮೂರನೇ ಒಂದು ಭಾಗ ಮಾತ್ರ ಕೆಲಸ ಮಾಡುತ್ತಿತ್ತೆಂದರೆ, 20 ಡಿಗ್ರಿಯ ಕೋಣೆಯಲ್ಲಿ ನೀರನ್ನು 28ರಲ್ಲಿ ಇಡಲು ನಿಮ್ಮ ತೊಟ್ಟಿಗೆ ಸರಾಸರಿ 100 ವ್ಯಾಟ್ ಸಾಕು. ಅಂದರೆ 100 ವ್ಯಾಟಿಗೆ ನೀರು ಕೋಣೆಗಿಂತ 8 ಡಿಗ್ರಿ ಮೇಲೆ ನಿಲ್ಲುತ್ತದೆ. 300 ವ್ಯಾಟ್ ಎಡೆಬಿಡದೆ ಕಾಯಿಸಿದರೆ ಸ್ಥೂಲವಾಗಿ 24 ಡಿಗ್ರಿ ಮೇಲೆ, ಎಂದರೆ 44ರ ಹತ್ತಿರ ಹೋಗಿ ನಿಲ್ಲುತ್ತದೆ. 200 ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು ಸುಮಾರು 230 ವ್ಯಾಟ್-ಗಂಟೆ ಬೇಕಾಗುವುದರಿಂದ ಅಲ್ಲಿಗೆ ತಲುಪಲು ಕಾಲ ಹಿಡಿಯುತ್ತದೆ, ಅಷ್ಟೇ. ಹನ್ನೊಂದು ಗಂಟೆಯಲ್ಲಿ ಏಳು ಡಿಗ್ರಿ ಏರಿದ್ದು ಈ ಲೆಕ್ಕಕ್ಕೆ ಸರಿಯಾಗಿಯೇ ಹೊಂದುತ್ತದೆ.

ಆದ್ದರಿಂದ ಒಂದು ದೊಡ್ಡ ಹೀಟರಿನ ಬದಲು 75 ವ್ಯಾಟಿನ ಎರಡನ್ನು ತೊಟ್ಟಿಯ ಎರಡು ತುದಿಗಳಲ್ಲಿ, ನೀರು ಹರಿದಾಡುವ ಕಡೆ ಹಾಕಿ. ಚಳಿಯ ರಾತ್ರಿಯಲ್ಲಿ ಒಂದು ಅಂಟಿಕೊಂಡು ಉರಿಯುತ್ತಲೇ ಇದ್ದರೂ ಅದೊಂದರಿಂದ ನೀರು 26 ಡಿಗ್ರಿ ದಾಟಲಾರದು, ಮಿಕ್ಕದ್ದನ್ನು ಸರಿಯಿರುವ ಇನ್ನೊಂದು ನೋಡಿಕೊಳ್ಳುತ್ತದೆ. ಒಂದು ಪೂರ್ತಿ ಆರಿಹೋದರೂ ನೀರು ಅದೇ 26ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಲೀಟರಿಗೆ ಒಂದು ವ್ಯಾಟ್ ಎಂಬ ಅಂಗಡಿಯ ಸೂತ್ರವನ್ನು ಕಣ್ಣುಮುಚ್ಚಿ ನಂಬುವುದಕ್ಕಿಂತ ತಮ್ಮಂತೆ ದೀಪ ನೋಡಿ ಲೆಕ್ಕ ಹಾಕುವುದೇ ಮೇಲು.

ವೈರಿಂಗ್‌ಕೆಲಸ, ಹುಬ್ಬಳ್ಳಿ:

ಮೇಲಿನ ಲೆಕ್ಕವನ್ನು ಒಪ್ಪುತ್ತೇನೆ, ಆದರೆ ಅದು ಜನವರಿಗೆ ಮಾತ್ರ ಸಲ್ಲುತ್ತದೆ. ಏಪ್ರಿಲ್‌ನಲ್ಲಿ ಕೋಣೆಯೇ 30 ಡಿಗ್ರಿ ಇರುವಾಗ ಅಂಟಿಕೊಂಡ 75 ವ್ಯಾಟಿನ ಹೀಟರ್ ಒಂದೇ ನೀರನ್ನು 36ಕ್ಕೆ ಒಯ್ಯಬಲ್ಲದು. ಬೇಸಿಗೆಯಲ್ಲಿ ಹೀಟರ್ ಹೇಗೂ ಕೆಲಸ ಮಾಡುವುದಿಲ್ಲವೆಂದು ಪ್ಲಗ್‌ನಲ್ಲೇ ಬಿಡುವವರು ಹಲವರು, ಅವರು ಈ ಅಂಕಿಯನ್ನೊಮ್ಮೆ ನೋಡಬೇಕು. ಬೇಡದ ತಿಂಗಳುಗಳಲ್ಲಿ ಪ್ಲಗ್ ಕಿತ್ತಿಡಿ.

ಬೇಕಾದ ತಿಂಗಳುಗಳಿಗೆ ಹೊರಗಿನ ಕಂಟ್ರೋಲರ್ ಒಂದನ್ನು ಸೇರಿಸಿ. ಅದರ ಸೆನ್ಸರ್ ನೀರಿನಲ್ಲಿರುತ್ತದೆ, ಹೀಟರುಗಳ ವಿದ್ಯುತ್ತು ಅದರ ಮೂಲಕವೇ ಹೋಗುತ್ತದೆ. ಕಂಟ್ರೋಲರನ್ನು 28ಕ್ಕೆ, ಹೀಟರುಗಳ ಸ್ವಂತ ಥರ್ಮೋಸ್ಟಾಟ್‌ಗಳನ್ನು 29 ಅಥವಾ 29.5ಕ್ಕೆ ಇಡಿ. ದಿನನಿತ್ಯ ಹಾಕಿ ಆರಿಸುವ ಕೆಲಸ ಕಂಟ್ರೋಲರಿನ ರಿಲೇಯದ್ದಾಗುತ್ತದೆ (ರಿಲೇ ಎಂದರೆ ವಿದ್ಯುತ್ತಿನಿಂದಲೇ ನಡೆಯುವ ಸ್ವಿಚ್), ಹೀಟರಿನೊಳಗಿನ ಸಂಪರ್ಕಗಳು ಸವೆಯದೆ ಕಾವಲಿಗೆ ಉಳಿಯುತ್ತವೆ. ರಿಲೇ ಕೂಡ ಒಂದು ದಿನ ಅಂಟಿಕೊಳ್ಳಬಹುದು. ಆಗ ಆ ಕಾವಲು ಉಪಯೋಗಕ್ಕೆ ಬರುತ್ತದೆ. ಎರಡನ್ನೂ ಒಂದೇ ಅಂಕಿಗೆ ಇಟ್ಟರೆ ಈ ಲಾಭ ಪೂರ್ತಿ ದೊರೆಯುವುದಿಲ್ಲ.

ಸೆನ್ಸರಿನ ತಂತಿಯನ್ನು ಗಾಜಿಗೆ ಭದ್ರವಾಗಿ ಕಟ್ಟಿರಬೇಕು. ಅದು ಜಾರಿ ನೀರಿನಿಂದ ಹೊರಬಿದ್ದರೆ ಕೋಣೆಯ ಗಾಳಿಯನ್ನು ಅಳೆದು, ನೀರು ತಣ್ಣಗಿದೆ ಎಂದು ತಿಳಿದು ಕಾಯಿಸುತ್ತಲೇ ಇರುತ್ತದೆ. ನೀರು ಬದಲಿಸುವಾಗಲಂತೂ ಹೀಟರಿನ ಪ್ಲಗ್ ತೆಗೆದು ಹದಿನೈದು ನಿಮಿಷ ಕಾದ ಮೇಲೆಯೇ ಮಟ್ಟ ಇಳಿಸಬೇಕು, ಇಲ್ಲದಿದ್ದರೆ ಬಿಸಿ ಗಾಜು ಗಾಳಿಗೆ ತೆರೆದುಕೊಂಡು ಸೀಳುತ್ತದೆ. ಸೀಳಿದ ಹೀಟರ್ ಇರುವ ನೀರಿಗೆ ಕೈ ಹಾಕಿದರೆ ಜೀವಕ್ಕೇ ಅಪಾಯ, ಆದ್ದರಿಂದ ಆ ಸಾಲಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ವಿದ್ಯುತ್ ಸೋರಿದ ಕೂಡಲೇ ಸಂಪರ್ಕ ಕಡಿಯುವ ಸ್ವಿಚ್) ಇರಲೇಬೇಕು.

ಡಿಸ್ಕಸ್‌ಪ್ರಿಯ, ಬೆಂಗಳೂರು:

ಇಬ್ಬರಿಗೂ ಕೃತಜ್ಞತೆಗಳು. 75 ವ್ಯಾಟಿನ ಎರಡು ಹೀಟರ್ ಮತ್ತು ಒಂದು ಕಂಟ್ರೋಲರ್ ಕೊಳ್ಳುವುದೆಂದು ನಿಶ್ಚಯಿಸಿದ್ದೇನೆ. ಇನ್ನೆರಡು ಸಂದೇಹಗಳಿವೆ. ನೀರು ಅತಿಯಾಗಿ ಕಾದಿರುವುದು ಕಂಡಾಗ ಮೊದಲು ಏನು ಮಾಡಬೇಕು? ರಾತ್ರಿ ಕರೆಂಟ್ ಹೋದರೆ ಹೀಟರನ್ನು ಮನೆಯ ಇನ್ವರ್ಟರ್‌ಗೆ ಹಾಕಬಹುದೇ?

ಕಾಫಿಸೀಮೆ, ಮಡಿಕೇರಿ:

ಪ್ಲಗ್ ತೆಗೆದ ಕೂಡಲೇ ಏರ್ ಪಂಪ್ ಹಾಕಿ, ಫಿಲ್ಟರಿನ ನೀರು ಮೇಲ್ಮೈಯನ್ನು ಕಲಕುವಂತೆ ತಿರುಗಿಸಿ. ಬಿಸಿಗಿಂತ ಮೊದಲು ಮೀನನ್ನು ಕೊಲ್ಲುವುದು ಹಲವು ಸಲ ಆಮ್ಲಜನಕದ ಕೊರತೆ. ಸಮುದ್ರಮಟ್ಟದಲ್ಲಿ 28 ಡಿಗ್ರಿಯ ನೀರು ಲೀಟರಿಗೆ ಸುಮಾರು 7.8 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ 35 ಡಿಗ್ರಿಯದು ಸುಮಾರು 7 ಮಾತ್ರ, ಬೆಂಗಳೂರಿನ ಎತ್ತರದಲ್ಲಿ ಇವೆರಡೂ ಇನ್ನಷ್ಟು ಕಡಿಮೆ. ಅದೇ ಹೊತ್ತಿಗೆ ಮೀನಿನ ದೇಹಕ್ಕೆ ಹೆಚ್ಚು ಆಮ್ಲಜನಕ ಬೇಕಾಗಿರುತ್ತದೆ. ಆಮೇಲೆ ಹತ್ತನೇ ಒಂದು ಭಾಗದಷ್ಟು ನೀರು ತೆಗೆದು, ಕ್ಲೋರಿನ್ ಕಳೆದ ಸ್ವಲ್ಪ ತಣ್ಣನೆಯ ನೀರನ್ನು ನಿಧಾನವಾಗಿ ಸೇರಿಸಿ, ಬಿಡುವು ಕೊಟ್ಟು ಮತ್ತೆ ಮಾಡಿ. ಮಂಜುಗಡ್ಡೆಯನ್ನು ನೇರವಾಗಿ ಸುರಿಯುವುದು ಬೇಡ.

ಹೀಟರನ್ನು ಇನ್ವರ್ಟರ್‌ಗೆ ಹಾಕಬಹುದು, ಆದರೆ ನಾನು ಹಾಕುವುದಿಲ್ಲ. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟ್ ಬಹಳ ಹೊತ್ತು ಇರುವುದಿಲ್ಲ, ಆಗ ಬ್ಯಾಟರಿಯನ್ನು ಕೆಲವೇ ವ್ಯಾಟ್ ಸಾಕಾಗುವ ಏರ್ ಪಂಪ್‌ಗೆ ಮೀಸಲಿಡುತ್ತೇನೆ. ಮೇಲಿನವರ ಲೆಕ್ಕದ ಪ್ರಕಾರವೇ ನಿಮ್ಮ ತೊಟ್ಟಿ ಕಳೆದುಕೊಳ್ಳುವುದು 100 ವ್ಯಾಟ್, ಅಂದರೆ ಎರಡೂಕಾಲು ಗಂಟೆಗೆ ಒಂದು ಡಿಗ್ರಿ. ಹಿಂಬದಿಗೂ ಪಕ್ಕಗಳಿಗೂ ಥರ್ಮಾಕೋಲ್ ಹಾಳೆ ಅಂಟಿಸಿ ಮೇಲೆ ಕಂಬಳಿ ಹೊದಿಸಿದರೆ ಅದಕ್ಕಿಂತಲೂ ನಿಧಾನ. ಕಂಟ್ರೋಲರ್ ಕೊಳ್ಳುವಾಗ ಮೇಲಿನ ಮಿತಿಗೂ ಕೆಳಗಿನ ಮಿತಿಗೂ ಅಲಾರಂ ಇರುವುದನ್ನೇ ಆರಿಸಿ, ಅದು ಮಲಗುವ ಕೋಣೆಗೆ ಕೇಳಿಸುತ್ತದೆಯೇ ಎಂದು ಹಗಲಿನಲ್ಲೇ ಒಮ್ಮೆ ಪರೀಕ್ಷಿಸಿಕೊಳ್ಳಿ.