ಸಹಾಯ ಬೇಕು: ಬಾಲ್ಸಾಮಿಕ್‌ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಮೈಸೂರಿನ ಕುವೆಂಪುನಗರದಿಂದ ಬರೆಯುತ್ತಿದ್ದೇನೆ. ಅಮ್ಮನಿಗೆ ಹೊಸ ಅಡುಗೆಗಳನ್ನು ಕನ್ನಡದಲ್ಲಿ ಬರೆದುಕೊಡ್ತೀನಿ. 'ಬಾಲ್ಸಾಮಿಕ್ ವಿನೆಗರ್' ಹತ್ತಿರ ಪೆನ್ನು ನಿಂತುಹೋಯಿತು.

ಬಾಲ್ಸಮ್ ಅಂದರೆ ಘಮಘಮಿಸುವ ಮರದ ಅಂಟು, ನೋವಿಗೆ ಹಚ್ಚುವ ಮುಲಾಮು. ಆದರೆ ಈ ಬಾಟಲಿಯಲ್ಲಿ ಅದ್ಯಾವುದೂ ಇಲ್ಲ, ಇರುವುದು ದ್ರಾಕ್ಷಿ. ಇಟಲಿಯ ಮೊದೆನಾದ ಸಾಂಪ್ರದಾಯಿಕ ಬಗೆಯಲ್ಲಿ ದ್ರಾಕ್ಷಿ ರಸ ಕಾಯಿಸಿ, ಮರದ ಪೀಪಾಯಿಗಳಲ್ಲಿ ಕನಿಷ್ಠ 12 ವರ್ಷ ಇಡ್ತಾರೆ. ನಾನು ತಂದಿದ್ದು ವೈನ್ ವಿನೆಗರ್ ಬೆರೆಸಿದ ಅಗ್ಗದ್ದು. ಒಂದು ಹನಿ ನಾಲಿಗೆಗಿಟ್ಟೆ. ಹುಣಸೆ ಗೊಜ್ಜಿಗೆ ಬೆಲ್ಲ ಜಾಸ್ತಿಯಾದ ಹಾಗೆ, ಕಪ್ಪಗೆ, ಮಂದವಾಗಿತ್ತು. ತುಂಬಾ ಇಷ್ಟವಾಯಿತು.

'ಸಿಹಿಹುಳಿ ದ್ರಾಕ್ಷಿ ವಿನೆಗರ್' ಅಂತ ಬರೆದರೆ ಅಮ್ಮನಂಥವರಿಗೆ ಅರ್ಥವಾಗುತ್ತೆ ಅಲ್ವಾ? ಸುಟ್ಟ ಈರನಗೆರೆ ಬದನೆಕಾಯಿಗೆ ಯಾರಾದರೂ ಹಾಕಿ ನೋಡಿದ್ದೀರಾ? ಒಲೆ ಆರಿಸಿದ ಮೇಲೆ ಹಾಕ್ತೀರಾ, ಕುದಿಸ್ತೀರಾ? ಭಾನುವಾರದೊಳಗೆ ತಿಳಿಸಿದರೆ ದೊಡ್ಡ ಉಪಕಾರ.