ಸಹಾಯ ಬೇಕು: ಬೆನ್ನು, ಮಂಡಿ ನೋವಿನ ಅಂಗವೈಕಲ್ಯ ಪಿಂಚಣಿಗೆ ಎರಡನೇ ಮೇಲ್ಮನವಿ

ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರು ಸೇನೆಯಲ್ಲಿ 22 ವರ್ಷ ಸೇವೆ ಸಲ್ಲಿಸಿ 2021ರಲ್ಲಿ ನಿವೃತ್ತರಾದರು. ಸೊಂಟದ ಡಿಸ್ಕ್ ಜಾರಿದೆ, ಎರಡೂ ಮಂಡಿ ಸವೆದಿವೆ. ಬೆಳಿಗ್ಗೆ ಮಂಚದ ಅಂಚು ಹಿಡಿದು ಎರಡು ನಿಮಿಷ ಕುಳಿತ ಮೇಲೆಯೇ ಏಳುತ್ತಾರೆ. ಚಪ್ಪಲಿಯನ್ನು ಕಾಲಿನಿಂದಲೇ ಎಳೆದುಕೊಳ್ಳುತ್ತಾರೆ, ಬಗ್ಗುವುದಿಲ್ಲ.

ನಿವೃತ್ತಿಯ ವೈದ್ಯಕೀಯ ಮಂಡಳಿ ಅಂಗವೈಕಲ್ಯ ಶೇ 20 ಎಂದು ಒಪ್ಪಿದೆ. ಆದರೆ ಅದು ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಉಲ್ಬಣಿಸಿದ್ದೂ ಅಲ್ಲವಂತೆ, ಹಾಗಾಗಿ ಅಂಗವೈಕಲ್ಯ ಪಿಂಚಣಿ ಇಲ್ಲವಂತೆ. ಕಾರಣ ಒಂದೇ ಸಾಲು: ‘ವಯೋಸಹಜ ಸವೆತ’. ಭಾರ ಹೊತ್ತು ಬೆಟ್ಟ ಹತ್ತಿದ ವರ್ಷಗಳು ಯಾವ ಲೆಕ್ಕಕ್ಕೆ ಹೋದವೋ! ಮೊದಲ ಮೇಲ್ಮನವಿಯೂ ಕಳೆದ ತಿಂಗಳು ತಿರಸ್ಕೃತವಾಯಿತು.

ಸೇರುವಾಗ ದಾಖಲಾಗದ ಕಾಯಿಲೆಯನ್ನು ಸೇವೆಯಿಂದ ಬಂದದ್ದೆಂದೇ ಭಾವಿಸಬೇಕು, ಅಲ್ಲವೆನ್ನುವುದಾದರೆ ಮಂಡಳಿ ಕಾರಣ ಕೊಡಬೇಕು ಎಂದು ಧರ್ಮವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಎರಡನೇ ಮೇಲ್ಮನವಿಯಲ್ಲಿ ಇದನ್ನೇ ಮುಂದಿಡಬೇಕೆಂದಿದ್ದೇನೆ.

ಈ ದಾರಿಯಲ್ಲಿ ನಡೆದವರು ದಯವಿಟ್ಟು ತಿಳಿಸಿ: ಸೇವಾವಧಿಯ ಆಸ್ಪತ್ರೆ ದಾಖಲೆಗಳನ್ನು ಮಾಹಿತಿ ಹಕ್ಕಿನಡಿ ಪಡೆದಿರಾ? ಈಗಿನ ಮೂಳೆ ತಜ್ಞರ ಅಭಿಪ್ರಾಯಕ್ಕೆ ಬೆಲೆ ಇದೆಯೇ? ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋದವರಿದ್ದರೆ, ವಕೀಲರಿಲ್ಲದೆ ಸಾಧ್ಯವಾಯಿತೇ? ಯಜಮಾನರು ‘ಬಿಟ್ಟುಬಿಡು’ ಎನ್ನುತ್ತಾರೆ. ನಾನು ಬಿಡುವವಳಲ್ಲ.