ಟ್ರ್ಯಾಕ್ಟರ್ ತೂಕದ ಮೇಲಿದ್ದಾಗಲೇ ಪಿಸಿ ರೀಸ್ಟಾರ್ಟ್! ನೆಟ್‌ವರ್ಕಿನಲ್ಲಿ ಸಾಫ್ಟ್‌ವೇರ್ ಹಾಕುವಾಗ ಇದನ್ನು ತಡೆಯುವುದು ಹೇಗೆ?

ಮಂಡ್ಯ_ಕೀಲಿಮಣೆ:

ಮಂಡ್ಯ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು ನಾನು. ಕಾರ್ಖಾನೆ ಹೆಸರು ಕೇಳಬೇಡಿ, ನನಗೆ ಕೆಲಸ ಬೇಕು. ಒಟ್ಟು 34 ಪಿಸಿ. ಕಬ್ಬಿನ ಬಿಲ್ಲಿನ ಸಾಫ್ಟ್‌ವೇರಿಗೆ ಹೊಸ ವರ್ಷನ್ ಬಂದಿತ್ತು, ಎಂಎಸ್‌ಐ ಫೈಲು, ಅಂದರೆ ವಿಂಡೋಸಿನ ಇನ್‌ಸ್ಟಾಲ್ ಪ್ಯಾಕೇಜು. ಪೆನ್‌ಡ್ರೈವ್ ಹಿಡಿದು ಟೇಬಲ್ಲಿಂದ ಟೇಬಲ್ಲಿಗೆ ಓಡಾಡುವ ವಯಸ್ಸು ಮುಗೀತು. ಅದಕ್ಕೆ ಪಿಎಸ್‌ಎಕ್ಸೆಕ್ (ಕೂತಲ್ಲಿಂದಲೇ ಬೇರೆ ಪಿಸಿಯಲ್ಲಿ ಕಮಾಂಡ್ ಓಡಿಸುವ ಟೂಲ್) ಇಟ್ಟುಕೊಂಡು ಒಂದು ಬ್ಯಾಚ್ ಫೈಲ್ (ಕಮಾಂಡುಗಳ ಪಟ್ಟಿ) ಬರೆದೆ. ಅದರಲ್ಲಿ ಇನ್‌ಸ್ಟಾಲ್ ಮಾಡುವ ಕಮಾಂಡ್ ಎಂಎಸ್‌ಐಎಕ್ಸೆಕ್, /ಐ, ಫೈಲಿನ ದಾರಿ, ಕೊನೆಗೆ ಸೈಲೆಂಟ್ ಸ್ವಿಚ್ /ಕ್ಯೂಎನ್. ಯಾರಿಗೂ ತೊಂದರೆ ಆಗಬಾರದು ಅಂತಲೇ ಸೈಲೆಂಟ್ ಹಾಕಿದ್ದು. ಮಧ್ಯಾಹ್ನ ಒಂದೂವರೆಗೆ, ಆಫೀಸಿನವರು ಊಟಕ್ಕೆ ಎದ್ದ ಮೇಲೆ ಓಡಿಸಿದೆ.

ಎಂಟು ಪಿಸಿ ಹೇಳದೆ ಕೇಳದೆ ರೀಸ್ಟಾರ್ಟ್ ಆದವು. ಏಳು ಆಫೀಸಿನವು. ಅಕೌಂಟ್ಸಿನವರು ಬೈದರು. ಅದು ಬಿಡಿ, ದಿನಾ ಬೈಯ್ತಾರೆ. ಎಂಟನೆಯದು ವೇಬ್ರಿಡ್ಜ್ 1, ಗಾಡಿ ತೂಗುವ ಜಾಗದ ಪಿಸಿ. ಹಂಗಾಮಿನಲ್ಲಿ ಅದಕ್ಕೆ ಊಟ ನಿದ್ದೆ ಎರಡೂ ಇಲ್ಲ. ಕಬ್ಬು ತುಂಬಿದ ಟ್ರ್ಯಾಕ್ಟರ್ ತೂಕದ ಮೇಲೆ ನಿಂತಿದೆ. ಇಂಡಿಕೇಟರಿನ ಕೆಂಪು ಅಂಕಿ 18,460ಕ್ಕೆ ಬಂದು ನಿಂತಿದೆ. ಗುಮಾಸ್ತ ಸೇವ್ ಒತ್ತಬೇಕು, ಅಷ್ಟರಲ್ಲಿ ಪರದೆ ನೀಲಿ, ಚುಕ್ಕಿಗಳು ಸುತ್ತುತ್ತಿವೆ. ಹಿಂದೆ ಗೇಟಿನವರೆಗೂ ಗಾಡಿ ಸಾಲು. ಕಾರ್ಖಾನೆ ತೂಕ ಅಂದರೆ ರೈತರಿಗೆ ಮೊದಲೇ ಅನುಮಾನ. "ನಮ್ ಗಾಡಿ ಹತ್ತಿದ್ ಕೂಡ್ಲೆ ನಿಮ್ ಕಂಪ್ಯೂಟ್ರುಗೆ ಜ್ವರ ಬಂತಾ?" ಅಂದರು ಒಬ್ಬ ಯಜಮಾನರು. ಗಾಡಿ ಇಳಿಸಿ, ಮತ್ತೆ ಹತ್ತಿಸಿ, ಎಲ್ಲರ ಎದುರೇ ತೂಗಿದೆವು. ಅದೇ 18,460 ಬಂತು. ಬಚಾವಾದೆ.

ಸೈಲೆಂಟ್ ಅಂದ ಮೇಲೂ ಯಾಕೆ ರೀಸ್ಟಾರ್ಟ್? ಉಳಿದ 26ರಲ್ಲಿ ಆಗದ್ದು ಈ ಎಂಟರಲ್ಲಿ ಮಾತ್ರ ಯಾಕೆ?

ರಸಬಾಳೆ:

ಸೈಲೆಂಟ್ ಅಂದರೆ ಸುಮ್ನೆ ಇರು ಅಂತ ಅಲ್ಲ ಸ್ವಾಮಿ, ಯಾರನ್ನೂ ಕೇಳಬೇಡ ಅಂತ. /ಕ್ಯೂಎನ್ ಕೊಟ್ಟರೆ ಪರದೆ ಮೇಲೆ ಏನೂ ತೋರಿಸಲ್ಲ. ರೀಸ್ಟಾರ್ಟ್ ಬೇಕಾದಾಗ "ಈಗ ಮಾಡಲಾ?" ಅನ್ನುವ ಪ್ರಶ್ನೆಯೂ ಬರಲ್ಲ. ನೇರ ಮಾಡಿಬಿಡುತ್ತದೆ. ಸಾಲಿನ ಕೊನೆಗೆ /ನೋರೀಸ್ಟಾರ್ಟ್ ಸೇರಿಸಿ. ಅಥವಾ ರೀಬೂಟ್=ರಿಯಲಿಸಪ್ರೆಸ್ ಅಂತ ಪ್ರಾಪರ್ಟಿ ಕೊಡಿ, ಎರಡೂ ಒಂದೇ. ಬರೀ ಸಪ್ರೆಸ್ ಅಂತ ಕೊಟ್ಟರೆ ಸಾಲದು. ಅದು ಕೊನೆಯಲ್ಲಿ ಬರುವ ರೀಸ್ಟಾರ್ಟನ್ನು ಮಾತ್ರ ತಡೆಯುತ್ತದೆ, ಪ್ಯಾಕೇಜಿನ ಒಳಗೇ ಫೋರ್ಸ್‌ರೀಬೂಟ್ (ಮಧ್ಯದಲ್ಲೇ ರೀಸ್ಟಾರ್ಟ್ ಮಾಡು ಅನ್ನುವ ಆದೇಶ) ಇದ್ದರೆ ಅದನ್ನು ತಡೆಯಲ್ಲ.

ಏಳೆಂಟರಲ್ಲೇ ಯಾಕೆ ಅಂದರೆ, ಅಲ್ಲಿ ಹಳೇ ಬಿಲ್ಲಿಂಗ್ ತೆರೆದೇ ಇಟ್ಟು ಊಟಕ್ಕೆ ಹೋಗಿರುತ್ತಾರೆ. ಬಳಕೆಯಲ್ಲಿರುವ ಫೈಲನ್ನು ಆಗಲೇ ಬದಲಿಸಲು ಆಗದಿದ್ದರೆ ಇನ್‌ಸ್ಟಾಲರ್ ರೀಸ್ಟಾರ್ಟ್ ಕೇಳುತ್ತದೆ. ನಿಮ್ಮ ಬ್ಯಾಚ್ ಫೈಲು ಎಕ್ಸಿಟ್ ಕೋಡ್, ಅಂದರೆ ಇನ್‌ಸ್ಟಾಲರ್ ಮುಗಿದಾಗ ಕೊಡುವ ಫಲಿತಾಂಶದ ಸಂಖ್ಯೆ, ಬರೆದಿಟ್ಟಿದೆಯಾ? 0 ಅಂದರೆ ಸಲೀಸು. 3010 ಅಂದರೆ ಹಾಕಿದ್ದಾಯಿತು, ರೀಸ್ಟಾರ್ಟ್ ಬಾಕಿ. 1641 ಅಂದರೆ ಹಾಕಿದ್ದಾಯಿತು, ರೀಸ್ಟಾರ್ಟನ್ನೂ ಇನ್‌ಸ್ಟಾಲರೇ ಶುರು ಮಾಡಿತು.

ಪುಷ್‌ಪುಲ್_ಪ್ಯಾಸೆಂಜರ್:

ಮೈಸೂರಿನ ಒಂದು ಕಾಲೇಜ್ ಲ್ಯಾಬಿನಲ್ಲಿ ನಾನೂ ಇದೇ ಪಾಠ ಕಲಿತೆ, ಇಂಟರ್ನಲ್ಸ್ ನಡೆಯುವಾಗ. ನಂದು ಇನ್ನೋ ಸೆಟಪ್ ಅನ್ನುವ ಇನ್‌ಸ್ಟಾಲರ್ ತಯಾರಿಸುವ ಟೂಲಿನಲ್ಲಿ ಮಾಡಿದ ಇಎಕ್ಸ್‌ಇ. /ಸೈಲೆಂಟ್ ಕೊಟ್ಟರೆ ಅದು ರೀಸ್ಟಾರ್ಟಿಗೆ ಮುಂಚೆ ಒಂದು ಮಾತು ಕೇಳುತ್ತದೆ. ನಾನು ಜಾಣತನ ಮಾಡಿ /ವೆರಿಸೈಲೆಂಟ್ ಕೊಟ್ಟಿದ್ದೆ. ಅದು ಕೇಳುವುದೇ ಇಲ್ಲ. ಮಕ್ಕಳು ಬರೆದ ಪ್ರೋಗ್ರಾಂ ಎಲ್ಲಾ ಹೋಯಿತು, ಪರೀಕ್ಷೆ ಮತ್ತೆ ಮಾಡಿದರು. ಅಲ್ಲೂ /ನೋರೀಸ್ಟಾರ್ಟ್ ಸೇರಿಸಬೇಕಿತ್ತು.

ಇನ್ನೊಂದು. ಇಎಕ್ಸ್‌ಇ ಹೊಟ್ಟೆಯೊಳಗೆ ಎಂಎಸ್‌ಐ ಇದ್ದರೆ, ಹೊರಗೆ ಕೊಟ್ಟ ಸ್ವಿಚ್ ಒಳಗಿನವರೆಗೂ ಹೋಗುತ್ತದೆ ಅಂತ ನಂಬಬೇಡಿ. ಇನ್‌ಸ್ಟಾಲ್‌ಶೀಲ್ಡ್ ಅನ್ನುವ ಇನ್ನೊಂದು ಟೂಲಿನದಾದರೆ /ಎಸ್ ಆದಮೇಲೆ /ವಿ ಹಾಕಿ, ಒಳಗಿನದಕ್ಕೆ ಬೇಕಾದದ್ದನ್ನು ಕೋಟ್‌ನಲ್ಲಿ ಕೊಡಬೇಕು. ಮೊದಲು ಒಂದೇ ಪಿಸಿ ಮೇಲೆ ಪ್ರಯೋಗ ಮಾಡಿ. ಅದೂ ಹಳೇ ಸಾಫ್ಟ್‌ವೇರ್ ತೆರೆದಿಟ್ಟು. ಮುಚ್ಚಿಟ್ಟು ನೋಡಿದರೆ ಎಲ್ಲಾ ಚೆನ್ನಾಗೇ ಕಾಣುತ್ತದೆ.

ಹಳ್ಳಿಹೈದ_34:

ಸುಮ್ನೆ ಎಲ್ಲಾ ಪಿಸಿಯಲ್ಲೂ ಶಟ್‌ಡೌನ್ /ಎ ಓಡಿಸ್ತಾ ಇರಿ. ರೀಸ್ಟಾರ್ಟ್ ಕ್ಯಾನ್ಸಲ್ ಆಗುತ್ತೆ.

ರಸಬಾಳೆ:

ಬೇಡ. ಆ ಕಮಾಂಡ್ ಕೆಲಸ ಮಾಡುವುದು ಕೌಂಟ್‌ಡೌನ್ ನಡೆಯುತ್ತಿರುವಾಗ ಮಾತ್ರ. ಓಡಿದ ಬಸ್ಸಿಗೆ ಕೈ ತೋರಿಸಿದ ಹಾಗೆ.

ಮಂಡ್ಯ_ಕೀಲಿಮಣೆ:

ಲಾಗ್ ನೋಡಿದೆ. ಆಫೀಸಿನ ಏಳರಲ್ಲೂ 1641. ರಸಬಾಳೆಯವರು ಹೇಳಿದ್ದೇ ಸರಿ, ಏಳರಲ್ಲೂ ಬಿಲ್ಲಿಂಗ್ ತೆರೆದಿತ್ತಂತೆ. ಆದರೆ ವೇಬ್ರಿಡ್ಜ್ 1ರಲ್ಲಿ 0 ಬಂದಿದೆ! ಹಾಗಾದರೆ ಅದನ್ನು ರೀಸ್ಟಾರ್ಟ್ ಮಾಡಿದ್ದು ಯಾರು?

ಪುಷ್‌ಪುಲ್_ಪ್ಯಾಸೆಂಜರ್:

ಈವೆಂಟ್ ವ್ಯೂವರ್ ತೆಗೆಯಿರಿ. ವಿಂಡೋಸ್ ಲಾಗ್ಸ್, ಸಿಸ್ಟಮ್. ಈವೆಂಟ್ ಐಡಿ 1074 ಅಂತ ಫಿಲ್ಟರ್ ಮಾಡಿ. ಯಾವ ಪ್ರೋಗ್ರಾಂ, ಯಾವ ಯೂಸರ್ ಹೆಸರಲ್ಲಿ, ಎಷ್ಟು ಹೊತ್ತಿಗೆ ರೀಸ್ಟಾರ್ಟ್ ಕೇಳಿತು ಅಂತ ಅಲ್ಲಿ ಬರೆದಿರುತ್ತದೆ. 1074 ಇಲ್ಲದೆ ಬರೀ 6008 ಅಥವಾ 41 (ಸರಿಯಾಗಿ ಶಟ್‌ಡೌನ್ ಆಗದೆ ನಿಂತದ್ದರ ಗುರುತು) ಇದ್ದರೆ ಕರೆಂಟ್ ಅಥವಾ ಯುಪಿಎಸ್ ಮೇಲೆ ಅನುಮಾನ ಪಡಿ.

ಮಂಡ್ಯ_ಕೀಲಿಮಣೆ:

ಸಿಕ್ತು. 1074 ಇದೆ, ಹೆಸರು ಮೊಯುಸೊಕೋರ್‌ವರ್ಕರ್. ವಿಂಡೋಸ್ ಅಪ್‌ಡೇಟ್! ನನ್ನ ಬ್ಯಾಚ್ ಫೈಲಿನ ತಪ್ಪೇ ಅಲ್ಲ, ಎರಡೂ ಒಂದೇ ಹೊತ್ತಿಗೆ ಬಿತ್ತು ಅಷ್ಟೆ. ಆಕ್ಟಿವ್ ಅವರ್ಸ್ (ಅಪ್‌ಡೇಟ್ ತಾನಾಗಿ ರೀಸ್ಟಾರ್ಟ್ ಮಾಡಬಾರದ ಹೊತ್ತು) ನೋಡಿದರೆ ರಾತ್ರಿ 8ರಿಂದ ಬೆಳಗ್ಗೆ 8. ರಾತ್ರಿ ಪಾಳಿಯ ಗುಮಾಸ್ತ ತನ್ನ ಪಾಳಿಯಲ್ಲಿ ತೊಂದರೆ ಬೇಡ ಅಂತ ಇಟ್ಟಿದ್ದಾನೆ. ಹಗಲು ಪಾಳಿಯವನಿಗೆ ಎರಡು ದಿನದಿಂದ ಮೂಲೆಯಲ್ಲಿ ನೋಟಿಸ್ ಬರ್ತಾ ಇತ್ತಂತೆ. ಮುಚ್ಚಿ ಮುಚ್ಚಿ ಕೂತಿದ್ದಾನೆ. ಅಡ್ಮಿನ್ ಪಾಸ್‌ವರ್ಡ್ ಇವರಿಗೆ ಹೇಗೆ ಸಿಕ್ಕಿತು ಅಂತ ಕೇಳಬೇಡಿ. ಮಾನಿಟರ್ ಹಿಂದೆ ಚೀಟಿ ಅಂಟಿಸಿದ್ದು ನಾನೇ.

ಈಗ 24 ಗಂಟೆಯೂ ಆಕ್ಟಿವ್ ಅಂತ ಇಡಬಹುದಾ?

ರಸಬಾಳೆ:

ಆಗಲ್ಲ, 18 ಗಂಟೆಯೇ ಮಿತಿ. ಮೂರು ಪಾಳಿ ಓಡುವ ಜಾಗಕ್ಕೆ ಅದು ಸಾಲದು. ಗ್ರೂಪ್ ಪಾಲಿಸಿಯಲ್ಲಿ (ಪಿಸಿಗಳಿಗೆ ನಿಯಮ ಹಾಕುವ ಜಾಗ) ವಿಂಡೋಸ್ ಅಪ್‌ಡೇಟ್ ಕೆಳಗೆ, ಯಾರಾದರೂ ಲಾಗಿನ್ ಆಗಿದ್ದರೆ ತಾನಾಗಿ ರೀಸ್ಟಾರ್ಟ್ ಮಾಡಬೇಡ ಅನ್ನುವ ಪಾಲಿಸಿ ಇದೆ. ಆದರೆ ಆಟೋಮ್ಯಾಟಿಕ್ ಅಪ್‌ಡೇಟ್ಸ್ ಪಾಲಿಸಿಯಲ್ಲಿ 4ನೇ ಆಯ್ಕೆ, ಅಂದರೆ ಹೊತ್ತು ಗೊತ್ತು ಮಾಡಿ ಹಾಕುವುದು, ಆನ್ ಇದ್ದರೆ ಮಾತ್ರ ಇದಕ್ಕೆ ಬೆಲೆ. ಜಾಸ್ತಿ ಜನ ಇಲ್ಲೇ ಎಡವುವುದು.

ರೀಸ್ಟಾರ್ಟ್ ತಡೆದ ಮೇಲೆ ಮರೆತು ಕೂರಬೇಡಿ. 3010 ಬಂದ ಪಿಸಿಯಲ್ಲಿ ಹೊಸ ಫೈಲುಗಳು ಬಾಗಿಲ ಹೊರಗೇ ಕಾಯುತ್ತಿರುತ್ತವೆ. ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್ ಬರೆದಿಡುವ ಜಾಗ) ಪೆಂಡಿಂಗ್‌ಫೈಲ್‌ರೀನೇಮ್‌ಆಪರೇಷನ್ಸ್ ಅಂತ ಅವುಗಳ ಪಟ್ಟಿ ಇರುತ್ತದೆ. ರೀಸ್ಟಾರ್ಟ್ ಆಗುವವರೆಗೂ ಹಳೆಯದೇ ಓಡುತ್ತದೆ. ಅದರ ಮೇಲೆ ಇನ್ನೊಂದನ್ನು ಹಾಕಲು ಹೋದರೆ ಕೆಲವು ಇನ್‌ಸ್ಟಾಲರ್ ಮೊದಲು ರೀಸ್ಟಾರ್ಟ್ ಮಾಡಿ ಬಾ ಅಂತ ಹಟ ಹಿಡಿಯುತ್ತವೆ.

ಮಂಡ್ಯ_ಕೀಲಿಮಣೆ:

ಪಾಲಿಸಿ ಎರಡೂ ಹಾಕಿದೆ. ವೇಬ್ರಿಡ್ಜ್ ಪಿಸಿಗಳನ್ನು ಬ್ಯಾಚ್ ಫೈಲಿನ ಲಿಸ್ಟಿನಿಂದಲೇ ತೆಗೆದೆ, ಅವಕ್ಕೆ ನಾನೇ ಹೋಗಿ ಹಾಕುತ್ತೇನೆ. ಚೀಟಿ ಕಿತ್ತು ಪಾಸ್‌ವರ್ಡ್ ಬದಲಿಸಿದೆ. ವೇಬ್ರಿಡ್ಜ್ 2ಕ್ಕೆ ಇವತ್ತು /ನೋರೀಸ್ಟಾರ್ಟ್ ಕೊಟ್ಟು ಹಾಕಿದೆ, 3010 ಬಂತು. ನಾಳೆ ಮಧ್ಯಾಹ್ನ ಎರಡಕ್ಕೆ ಪಾಳಿ ಬದಲಾಗುವಾಗ ಗಾಡಿಗಳನ್ನೆಲ್ಲ 1ಕ್ಕೆ ತಿರುಗಿಸಿ, ತೂಕದ ಮೇಲೆ ಯಾರೂ ಇಲ್ಲ ಅಂತ ಕಿಟಕಿಯಲ್ಲಿ ನೋಡಿಕೊಂಡು ರೀಸ್ಟಾರ್ಟ್ ಮಾಡುತ್ತೇನೆ.